ಫ್ರೀಸ್ಟೈಲ್ ಲಿಬ್ರೆ ಸೆನ್ಸರ್: ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ತರಬೇಕೆನ್ನುವ ಎಳೆಯರಿಗೆ ಎಷ್ಟು ಉಪಯೋಗ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇಪ್ಪತ್ತು–ಮೂವತ್ತರ ಪ್ರಾಯದಲ್ಲಿ ಪ್ರೀಡಯಾಬಿಟಿಸ್ (ಸಕ್ಕರೆ ಕಾಯಿಲೆಯ ಹೊಸ್ತಿಲು) ಅಥವಾ ಈಗಷ್ಟೇ ಶುರುವಾದ ಟೈಪ್ 2 ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ, ಊಟ ಮತ್ತು ವ್ಯಾಯಾಮದಿಂದಲೇ ಪ್ರಯತ್ನಿಸಿ ನೋಡಲು ವೈದ್ಯರು ಮೂರು ತಿಂಗಳು ಕಾಲಾವಕಾಶ ಕೊಟ್ಟಿದ್ದರೆ, ತೋಳಿಗೆ ಅಂಟಿಕೊಂಡು ಹಗಲೂ ರಾತ್ರಿ ಶುಗರ್ ಅಳೆಯುವ ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಒಂದನ್ನು ಕೊಂಡು ಹಾಕಿಕೊಳ್ಳಿ. ಕೊಟ್ಟ ದುಡ್ಡು ವ್ಯರ್ಥವಾಗುವುದಿಲ್ಲ. ಆದರೆ ಒಂದೇ ಸಾಕು. ತಿಂಗಳಿಗೆ ಎರಡರಂತೆ ವರ್ಷವಿಡೀ ತೋಳಿಗೆ ಅಂಟಿಸಿಕೊಂಡಿರಬೇಕಾದ ಅಗತ್ಯ ಇಂಥವರಿಗಿಲ್ಲ. ಆ ಒಂದು ಸೆನ್ಸರಿನ ಹದಿನಾಲ್ಕು ದಿನಗಳನ್ನು ಲೆಕ್ಕಾಚಾರದಿಂದ ಬಳಸಿದರೆ ನಿಮ್ಮ ಮನೆಯ ಅಡುಗೆಯಲ್ಲಿ ಯಾವುದು ನಿಮ್ಮ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದು ಕಣ್ಣಿಗೆ ಕಟ್ಟುವಂತೆ ಗೊತ್ತಾಗುತ್ತದೆ. ಯೋಜನೆ ಇಲ್ಲದೆ ಹಾಕಿಕೊಂಡರೆ ಗಳಿಗೆಗೊಮ್ಮೆ ಫೋನ್ ನೋಡಿ ಗಾಬರಿಯಾಗುವುದಷ್ಟೇ ಲಾಭ.

ಇಲ್ಲಿ ಹೇಳುತ್ತಿರುವುದು ಲಿಬ್ರೆಯ ಮೊದಲ ಮಾದರಿಯ ಬಗ್ಗೆ. ಎರಡು ರೂಪಾಯಿ ನಾಣ್ಯಕ್ಕಿಂತ ತುಸು ಅಗಲದ, 5 ಮಿ.ಮೀ. ದಪ್ಪದ ಬಿಲ್ಲೆ ಇದು. ಅದರ ಅಡಿಯಲ್ಲಿ ಕೂದಲೆಳೆಯಂಥ ಒಂದು ತಂತು ಚರ್ಮದೊಳಗೆ ಸುಮಾರು 5 ಮಿ.ಮೀ. ಇಳಿದಿರುತ್ತದೆ. ಅದು ರಕ್ತವನ್ನು ಮುಟ್ಟುವುದಿಲ್ಲ. ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಅಳೆಯುತ್ತದೆ. ಈ ವ್ಯತ್ಯಾಸ ಮುಂದೆ ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕೊಳ್ಳುವ ಮೊದಲು: ನಿಮ್ಮದು ಯಾವ ಡಯಾಬಿಟಿಸ್?

ಸೆನ್ಸರಿಗೆ ಖರ್ಚು ಮಾಡುವ ಮುನ್ನ ಈ ಪ್ರಶ್ನೆಗೆ ಉತ್ತರ ಬೇಕು. ಎಳೆಯರ ವಿಷಯದಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಐವತ್ತು ದಾಟಿದವರಿಗೆ ಶುಗರ್ ಬಂದರೆ ಅದು ಟೈಪ್ 2 ಎಂದು ಊಹಿಸಿದರೆ ಬಹುತೇಕ ಸರಿಯಾಗಿರುತ್ತದೆ. ಹದಿನೈದು, ಇಪ್ಪತ್ತು, ಇಪ್ಪತ್ತೈದರವರಿಗೆ ಬಂದರೆ ಆ ಊಹೆ ಪ್ರಾಣಕ್ಕೇ ಕುತ್ತು ತರಬಹುದು.

ಟೈಪ್ 1 ಆಗಿದ್ದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ನಾಶ ಮಾಡುತ್ತಿರುತ್ತದೆ. ಅವರಿಗೆ ಇನ್ಸುಲಿನ್ ಔಷಧವಲ್ಲ, ಜೀವಾಧಾರ. ಪಥ್ಯ, ಕಷಾಯ, ಯೋಗ, ಉಪವಾಸ ಯಾವುದೂ ಅದರ ಬದಲಿಗೆ ನಿಲ್ಲುವುದಿಲ್ಲ. ಹೊಸದಾಗಿ ಇನ್ಸುಲಿನ್ ಶುರುವಾದ ಮೇಲೆ ಕೆಲವು ತಿಂಗಳು ಶುಗರ್ ತಾನಾಗಿಯೇ ತಗ್ಗಿದಂತೆ ಕಾಣುವ ಹಂತವೊಂದಿದೆ. ಉಳಿದ ಬೀಟಾ ಕೋಶಗಳು ಸ್ವಲ್ಪ ಚೇತರಿಸಿಕೊಳ್ಳುವುದರಿಂದ ಹಾಗಾಗುತ್ತದೆ. ಆ ಹೊತ್ತಿನಲ್ಲೇ ಯಾರೋ ಹೇಳಿದರೆಂದು ಇನ್ಸುಲಿನ್ ಬಿಟ್ಟು, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬುವ ಕೀಟೋಅಸಿಡೋಸಿಸ್ ಆಗಿ ಐಸಿಯು ಸೇರುವ ಮಕ್ಕಳಿದ್ದಾರೆ. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಕೆಲವೇ ವಾರಗಳಲ್ಲಿ ತೂಕ ಇಳಿಕೆ, ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣು ಕೊಳೆತಂಥ ವಾಸನೆ ಇದ್ದರೆ ಸೆನ್ಸರ್ ಆರ್ಡರ್ ಮಾಡುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಿ.

ಸಣಕಲು ಮೈಯವರಿಗೆ, ಸೊಂಟದ ಸುತ್ತ ಬೊಜ್ಜಿಲ್ಲದವರಿಗೆ ಶುಗರ್ ಬಂದಿದ್ದರೆ ಜಿಎಡಿ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಮೊದಲನೆಯದು ಸ್ವಂತ ದೇಹವೇ ದಾಳಿ ಮಾಡುತ್ತಿದೆಯೇ ಎಂದು ಹೇಳುತ್ತದೆ, ಎರಡನೆಯದು ಗ್ರಂಥಿ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು. ಅಜ್ಜ, ತಂದೆ, ಮಗ ಹೀಗೆ ಮೂರು ತಲೆಮಾರಿನಲ್ಲೂ ಇಪ್ಪತ್ತೈದರ ಒಳಗೇ ಶುಗರ್ ಕಾಣಿಸಿಕೊಂಡ ಮನೆತನವಾದರೆ ಮೋಡಿ ಎಂಬ ಒಂದೇ ಜೀನಿನ ದೋಷ ಇರಬಹುದು. ಕೇರಳದಲ್ಲಿ ಹೆಚ್ಚಾಗಿ ಕಂಡಿದ್ದ, ಮೇದೋಜೀರಕದಲ್ಲಿ ಕಲ್ಲು ಕಟ್ಟಿ ಬರುವ ಡಯಾಬಿಟಿಸ್ ಕೂಡ ಎಳೆಯರದೇ ಕಾಯಿಲೆ. ಬಿಟ್ಟು ಬಿಟ್ಟು ಹೊಟ್ಟೆನೋವು, ಜಿಡ್ಡು ಜಿಡ್ಡಾದ ಮಲ ಅದರ ಸೂಚನೆ.

ಟೈಪ್ 2 ಎಂದು ಖಚಿತವಾದ ಮೇಲೂ ಹದಿಹರೆಯದವರ ಲೆಕ್ಕ ಬೇರೆ. ಅಮೆರಿಕದಲ್ಲಿ 10ರಿಂದ 17 ವರ್ಷದ 699 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ 'ಟುಡೇ' ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ನೆಚ್ಚಿಕೊಂಡ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಹತೋಟಿ ತಪ್ಪಿತು. ಮೆಟ್‌ಫಾರ್ಮಿನ್ ಜೊತೆ ಕಟ್ಟುನಿಟ್ಟಾದ ಜೀವನಶೈಲಿ ಸೇರಿಸಿದ ಗುಂಪಿನಲ್ಲೂ 46.6 ಶೇಕಡಾ ಮಕ್ಕಳದು ಅದೇ ಕಥೆ. ಮಕ್ಕಳಲ್ಲಿ ಟೈಪ್ 2 ದೊಡ್ಡವರದ್ದಕ್ಕಿಂತ ವೇಗವಾಗಿ ಬೀಟಾ ಕೋಶಗಳನ್ನು ಸವೆಸುತ್ತದೆ. ಹಾಗಾಗಿ ಶಾಲೆ–ಪಿಯುಸಿ ವಯಸ್ಸಿನವರಿಗೆ 'ಔಷಧಿ ಬೇಡ' ಎಂಬ ಹಟ ಸಲ್ಲದು. ಎಚ್‌ಬಿಎ1ಸಿ (ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಶುಗರನ್ನು ತೋರಿಸುವ ರಕ್ತಪರೀಕ್ಷೆ) 8.5 ಶೇಕಡಾ ಅಥವಾ ಮೇಲಿದ್ದರೆ, ಇಲ್ಲವೇ ಲಕ್ಷಣಗಳ ಜೊತೆ ಶುಗರ್ 250 (ಇಲ್ಲಿನ ಶುಗರ್ ಅಂಕಿಗಳೆಲ್ಲ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ) ದಾಟಿದ್ದರೆ ಅವರಿಗೆ ಮೊದಲಿಗೆ ಇನ್ಸುಲಿನ್ನನ್ನೇ ಕೊಡುತ್ತಾರೆ, ಹಾಗೆ ಕೊಡುವುದೇ ಸರಿ.

ಇಷ್ಟೆಲ್ಲ ದಾಟಿ ಉಳಿಯುವವರು ಯಾರು? ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇರುವ ಪ್ರೀಡಯಾಬಿಟಿಸಿನವರು, ಮತ್ತು 6.5 ದಾಟಿದ್ದರೂ 7.5ರ ಒಳಗಿರುವ, ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿರುವ, ಪ್ರಯತ್ನ ಮಾಡಲು ನಿಜವಾದ ಮನಸ್ಸಿರುವ ವಯಸ್ಕರು. ಈ ವಿಮರ್ಶೆ ಇವರಿಗಾಗಿ. ಗರ್ಭಿಣಿಯರು ಮತ್ತು ಸದ್ಯದಲ್ಲೇ ಮಗುವಿಗೆ ಪ್ರಯತ್ನಿಸುತ್ತಿರುವವರು ಇದರಲ್ಲಿ ಸೇರಿಲ್ಲ. ಅವರಿಗೆ ಮೂರು ತಿಂಗಳು ಕಾದು ನೋಡುವಷ್ಟು ಸಮಯವಿಲ್ಲ.

ಪೆಟ್ಟಿಗೆ, ಬೆಲೆ, ಫೋನು

ಸೆನ್ಸರ್ ಒಂದಕ್ಕೆ ಐದು ಸಾವಿರ ರೂಪಾಯಿ ಆಸುಪಾಸು. ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಪೆಟ್ಟಿಗೆಯಲ್ಲಿ ಸೆನ್ಸರ್ ಪ್ಯಾಕ್, ಅಂಟಿಸುವ ಅಪ್ಲಿಕೇಟರ್, ಆಲ್ಕೋಹಾಲ್ ಒರೆಸುವ ಚೀಟಿ ಇರುತ್ತವೆ. ಓದಲು ಕಂಪನಿಯದೇ ರೀಡರ್ ಬೇರೆ ಕೊಳ್ಳಬಹುದು, ಅಥವಾ ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಬಹುದು. ಫೋನಿನಲ್ಲಿ ಎನ್‌ಎಫ್‌ಸಿ, ಅಂದರೆ ಸೆನ್ಸರಿನ ಹತ್ತಿರ ಹಿಡಿದು ಸ್ಕ್ಯಾನ್ ಮಾಡಿ ಅಂಕಿ ಓದುವ ಸೌಲಭ್ಯ, ಇರಲೇಬೇಕು. ನಮ್ಮಲ್ಲಿ ಹತ್ತು–ಹದಿನೈದು ಸಾವಿರದೊಳಗಿನ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿಕೊಂಡೇ ಮುಂದುವರಿಯಿರಿ. ರೀಡರ್ ಮತ್ತು ಫೋನ್ ಎರಡರಲ್ಲೂ ಓದಬೇಕಾದರೆ ಸೆನ್ಸರನ್ನು ಮೊದಲು ರೀಡರಿನಿಂದ ಶುರು ಮಾಡಿ, ಒಂದು ಗಂಟೆಯೊಳಗೆ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಫೋನಿನಿಂದಲೇ ಶುರು ಮಾಡಿಬಿಟ್ಟರೆ ಆ ಸೆನ್ಸರನ್ನು ರೀಡರ್ ಮತ್ತೆ ಓದುವುದಿಲ್ಲ.

ಅಮೆರಿಕ, ದುಬೈ, ಜರ್ಮನಿಯಲ್ಲಿರುವ ಮಕ್ಕಳು ಊರಿಗೆ ಸೆನ್ಸರ್ ಕಳಿಸುವ ರೂಢಿ ಈಗ ಹೆಚ್ಚಾಗಿದೆ. ಒಂದು ದೇಶದ ಸೆನ್ಸರ್ ಇನ್ನೊಂದು ದೇಶದ ಆ್ಯಪಿಗೆ ಹೊಂದಿಕೊಳ್ಳದಿರಬಹುದು. ಎಲ್ಲಿ ಬಳಸುತ್ತೀರೋ ಅಲ್ಲೇ ಕೊಳ್ಳುವುದು ಕ್ಷೇಮ. ಹಾಗೆಯೇ 'ಪ್ರೊ' ಎಂಬ ಮಾದರಿ ವೈದ್ಯರ ಬಳಕೆಗೆ ಮಾಡಿದ್ದು. ಹದಿನೈದು ನಿಮಿಷಕ್ಕೊಂದು ಅಳತೆ ಕೂಡಿಟ್ಟು ಕೊನೆಯಲ್ಲಿ ಆಸ್ಪತ್ರೆಯಲ್ಲಿ ತೆರೆದು ತೋರಿಸುತ್ತದೆ. ಊಟವಾದ ಗಂಟೆಯಲ್ಲೇ ಕಲಿಯಬೇಕೆನ್ನುವವರಿಗೆ ಅದು ಪ್ರಯೋಜನವಿಲ್ಲ. ಲಿಬ್ರೆ 2 ಸಾಲಿನ ಮಾದರಿಗಳಲ್ಲಿ ಶುಗರ್ ತೀರಾ ಇಳಿದಾಗ, ಏರಿದಾಗ ಎಚ್ಚರಿಸುವ ಅಲಾರಂ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಬಹಳ ದೊಡ್ಡ ಅನುಕೂಲ. ಯಾವ ಔಷಧಿಯನ್ನೂ ತೆಗೆದುಕೊಳ್ಳದವರಿಗೆ ಅದಕ್ಕಾಗಿಯೇ ಹೆಚ್ಚು ಕೊಡುವ ಅಗತ್ಯವಿಲ್ಲ.

ಅಂಟಿಸುವುದು

ಜಾಗ ತೋಳಿನ ಹಿಂಭಾಗ, ಭುಜ ಮತ್ತು ಮೊಣಕೈ ನಡುವೆ. ಬಲಮಗ್ಗುಲಲ್ಲಿ ಮಲಗುವವರು ಎಡತೋಳಿಗೆ ಹಾಕಿಕೊಳ್ಳಿ. ಮಚ್ಚೆ, ಕಲೆ, ಗಾಯದ ಗುರುತು ಬಿಡಿ. ಕೂದಲಿದ್ದರೆ ಬೋಳಿಸಿ. ವಾಸನೆಯಿಲ್ಲದ ಸೋಪಿನಿಂದ ತೊಳೆದು, ಒರೆಸಿ, ಆಲ್ಕೋಹಾಲ್ ಚೀಟಿಯಿಂದ ಉಜ್ಜಿ, ಪೂರ್ತಿ ಆರಲು ಬಿಡಿ. ಅರ್ಧಂಬರ್ಧ ಆರಿದ ಚರ್ಮದ ಮೇಲೆ ಅಂಟಿಸಿದರೆ ಮೂರನೇ ದಿನಕ್ಕೇ ಅಂಚು ಏಳುತ್ತದೆ. ಕೊಬ್ಬರಿ ಎಣ್ಣೆ, ಬಾಡಿ ಲೋಷನ್ ಹಿಂದಿನ ದಿನದಿಂದಲೇ ಆ ಜಾಗಕ್ಕೆ ಬೇಡ. ಹದಿನಾಲ್ಕು ದಿನ ಎಣ್ಣೆಸ್ನಾನಕ್ಕೂ ರಜೆ.

ಪ್ಯಾಕ್ ಮತ್ತು ಅಪ್ಲಿಕೇಟರ್ ಮೇಲಿನ ಸಂಕೇತಗಳು ಒಂದೇ ಆಗಿವೆಯೇ ನೋಡಿ. ಕಪ್ಪು ಗೆರೆಗಳನ್ನು ಎದುರುಬದುರು ಇಟ್ಟು ಗಟ್ಟಿ ನೆಲೆಯ ಮೇಲೆ ಒತ್ತಿದರೆ ಸೆನ್ಸರ್ ಅಪ್ಲಿಕೇಟರಿನೊಳಗೆ ಕೂರುತ್ತದೆ. ತೋಳಿಗಿಟ್ಟು 'ಟಕ್' ಎನ್ನುವವರೆಗೆ ಅದುಮಿ, ಕೆಲವು ಕ್ಷಣ ಬಿಟ್ಟು ನಿಧಾನವಾಗಿ ಎಳೆಯಿರಿ. ನೋವು ರಕ್ತಪರೀಕ್ಷೆಯ ಸೂಜಿಗಿಂತ ಕಡಿಮೆ. ಒಂದೆರಡು ಹನಿ ರಕ್ತ ಬಂದರೆ ತೊಂದರೆಯಿಲ್ಲ. ನಿಲ್ಲದೆ ಒಸರುತ್ತಿದ್ದರೆ ತೆಗೆದುಬಿಡಿ, ಆ ಸೆನ್ಸರ್ ಸರಿಯಾದ ಲೆಕ್ಕ ಕೊಡುವುದಿಲ್ಲ. ಶುರು ಮಾಡಿದ ಒಂದು ಗಂಟೆಯ ನಂತರ ಅಂಕಿ ಕಾಣುತ್ತದೆ.

ನೀರಿಗೆ ಹೆದರಬೇಕಿಲ್ಲ. ಒಂದು ಮೀಟರ್ ಆಳದವರೆಗೆ 30 ನಿಮಿಷ ತಡೆಯುತ್ತದೆ, ಬಕೆಟ್ ಸ್ನಾನ, ಷವರ್ ಎರಡಕ್ಕೂ ಸಾಕು. ಬೆವರು ಬೇರೆ ಮಾತು. ಮಂಗಳೂರು–ಉಡುಪಿಯ ಸೆಕೆಯಲ್ಲಿ, ಅಥವಾ ಜಿಮ್ಮಿಗೆ ಹೋಗುವವರಿಗೆ, ಸುತ್ತ ಮೈಕ್ರೋಪೋರ್ ಟೇಪ್ ಬೇಕಾಗಬಹುದು. ನಡುವಿನ ಸಣ್ಣ ತೂತನ್ನು ಮಾತ್ರ ಮುಚ್ಚಬೇಡಿ. ಬಸ್ಸಿನ ಕಂಬಿ, ಬ್ಯಾಗಿನ ಪಟ್ಟಿ, ಬಾಗಿಲ ಚೌಕಟ್ಟು, ಬಿಗಿ ರವಿಕೆಯ ತೋಳು, ಸೆನ್ಸರ್ ಕಿತ್ತುಬರುವುದು ಹೆಚ್ಚಾಗಿ ಇವುಗಳಿಂದಲೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಕಾರಿನೊಳಗೆ ಬಿಡಬೇಡಿ. ಯಾವ ಉಷ್ಣಾಂಶದಲ್ಲಿ ಇಡಬೇಕೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಅವಧಿಗೆ ಮೊದಲೇ ಕೆಟ್ಟರೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಲು ಪೆಟ್ಟಿಗೆ, ಬಿಲ್ಲು, ಸೀರಿಯಲ್ ನಂಬರ್ ಬೇಕಾಗುತ್ತವೆ. ಹದಿನಾಲ್ಕನೇ ದಿನದವರೆಗೂ ಏನನ್ನೂ ಎಸೆಯಬೇಡಿ. ಎಂಆರ್‌ಐ, ಸಿಟಿ, ಎಕ್ಸ್‌ರೇ ಇದ್ದರೆ ಸೆನ್ಸರ್ ತೆಗೆಯಬೇಕು. ಅಂಥದ್ದೇನಾದರೂ ನಿಗದಿಯಾಗಿದ್ದರೆ ಅದು ಮುಗಿದ ಮೇಲೆಯೇ ಹಾಕಿಕೊಳ್ಳಿ.

ಅಂಕಿಗಳನ್ನು ಎಷ್ಟು ನಂಬಬೇಕು

ಬೆರಳು ಚುಚ್ಚಿ ತೆಗೆದ ರಕ್ತದ ಅಳತೆಗೆ ಹೋಲಿಸಿದಾಗ ಮೊದಲ ಲಿಬ್ರೆಯ ಸರಾಸರಿ ವ್ಯತ್ಯಾಸ 11.4 ಶೇಕಡಾ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ನಿಜ 150 ಇದ್ದಾಗ ಸೆನ್ಸರ್ 133 ಅಥವಾ 167 ತೋರಿಸುವುದು ಮಾಮೂಲು. ಮೊದಲ ದಿನ ತಪ್ಪು ಇನ್ನೂ ಹೆಚ್ಚು, ಏಕೆಂದರೆ ತಂತು ಹೊಕ್ಕ ಜಾಗದಲ್ಲಿ ಸಣ್ಣ ಗಾಯ ಮಾಯುತ್ತಿರುತ್ತದೆ. ಮೊದಲ 24 ಗಂಟೆಯ ಅಂಕಿ ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ.

ಶುಗರ್ ವೇಗವಾಗಿ ಏರುವಾಗ, ಇಳಿಯುವಾಗ ಚರ್ಮದಡಿಯ ದ್ರವ ರಕ್ತಕ್ಕಿಂತ 5ರಿಂದ 10 ನಿಮಿಷ ಹಿಂದೆ ಇರುತ್ತದೆ. ಹಾಗಾಗಿ ಗ್ಲೂಕೋಮೀಟರಿಗೆ ಹೋಲಿಸುವುದಾದರೆ ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣದ ಗುರುತು ಅಡ್ಡವಾಗಿ ನಿಂತಿರುವಾಗ ಮಾತ್ರ ಹೋಲಿಸಿ: ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಊಟಕ್ಕೆ ಮುಂಚೆ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳು ಶುಗರನ್ನು ಸುಳ್ಳೇ ಏರಿಸಿ ತೋರಿಸುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಆರೇಳು ಸಲ ಹೀಗೆ ಹೋಲಿಸಿದರೆ ನಿಮ್ಮ ಸೆನ್ಸರ್ ಯಾವ ಕಡೆ ವಾಲುತ್ತದೆ ಎಂದು ಗೊತ್ತಾಗುತ್ತದೆ. ಯಾವಾಗಲೂ 15 ಕಡಿಮೆ ತೋರಿಸುವ ಸೆನ್ಸರ್ ಕೂಡ ಕೆಲಸಕ್ಕೆ ಬರುತ್ತದೆ, ಏಕೆಂದರೆ ನಮಗೆ ಬೇಕಾದದ್ದು ಊಟದ ಮುಂಚಿನದಕ್ಕಿಂತ ಎಷ್ಟು ಏರಿತು ಎಂಬ ವ್ಯತ್ಯಾಸ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಎಂದು 20 ಶೇಕಡಾಕ್ಕಿಂತ ಹೆಚ್ಚು ಹೊಯ್ದಾಡುವ ಸೆನ್ಸರಿನಿಂದ ಏನೂ ಕಲಿಯಲಾಗದು, ಬದಲಿ ಕೇಳಿ.

ಬಹಳ ಜನ ಬೆಚ್ಚಿಬೀಳುವುದು ರಾತ್ರಿ ಎರಡು ಗಂಟೆಗೆ 58 ಎಂದು ದಾಖಲಾದದ್ದನ್ನು ಬೆಳಿಗ್ಗೆ ನೋಡಿ. ಔಷಧಿ ತೆಗೆದುಕೊಳ್ಳದ ಎಳೆಯರಲ್ಲಿ ಇದು ಹೆಚ್ಚಾಗಿ ನಿಜವಾದ ಇಳಿಕೆ ಆಗಿರುವುದಿಲ್ಲ. ತೋಳಿನ ಮೇಲೆ ಮೈಭಾರ ಬಿದ್ದು ಆ ಜಾಗಕ್ಕೆ ದ್ರವದ ಹರಿವು ಕಡಿಮೆಯಾದಾಗ ಹೀಗಾಗುತ್ತದೆ. ಆ್ಯಪಿನ ನಕ್ಷೆಯಲ್ಲಿ ಗೆರೆ ಥಟ್ಟನೆ ಬಿದ್ದು ಮಗ್ಗುಲು ಬದಲಿಸಿದ ಕೂಡಲೇ ಥಟ್ಟನೆ ಏಳುತ್ತದೆ. ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ನುಂಗುವವರಿಗೆ ಅಂಕಿ ಸುಳ್ಳೇ ಏರುತ್ತದೆ. ಈ ಹದಿನಾಲ್ಕು ದಿನ ಅದನ್ನು ನಿಲ್ಲಿಸಿ. ಎಂಟು ಗಂಟೆಗೊಮ್ಮೆಯಾದರೂ ಸ್ಕ್ಯಾನ್ ಮಾಡಲೇಬೇಕು. ಸೆನ್ಸರ್ ಎಂಟು ಗಂಟೆಯ ದಾಖಲೆಯನ್ನಷ್ಟೇ ಹಿಡಿದಿಡುತ್ತದೆ, ಒಂಬತ್ತು ಗಂಟೆ ನಿದ್ದೆ ಮಾಡಿದರೆ ಮೊದಲ ಒಂದು ಗಂಟೆ ಅಳಿಸಿಹೋಗಿರುತ್ತದೆ.

ಹದಿನಾಲ್ಕು ದಿನಗಳನ್ನು ಹೇಗೆ ಖರ್ಚು ಮಾಡಬೇಕು

ಬಹುಪಾಲು ಜನ ಸೆನ್ಸರ್ ಹಾಕಿಕೊಂಡ ದಿನದಿಂದಲೇ ಪಥ್ಯ ಶುರು ಮಾಡುತ್ತಾರೆ. ಇದರಿಂದ ಅರ್ಧ ದುಡ್ಡು ಹಾಳು. ಮೊದಲ ನಾಲ್ಕೈದು ದಿನ ನೀವು ಯಾವಾಗಲೂ ತಿನ್ನುವುದನ್ನೇ, ತಿನ್ನುವಷ್ಟೇ ತಿನ್ನಿ. ಒಂದು ಅಡುಗೆ ತೂಕದ ಯಂತ್ರ ಜೊತೆಗಿರಲಿ. ಇನ್ನೂರೈವತ್ತು–ಮುನ್ನೂರು ರೂಪಾಯಿಗೆ ಸಿಗುತ್ತದೆ, ಈ ಸೆನ್ಸರಿನ ನಿಜವಾದ ಜೊತೆಗಾರ ಅದೇ. 'ಒಂದು ಸೌಟು ಅನ್ನ' ಎನ್ನುವುದು ಅಳತೆಯಲ್ಲ. ಬೆಂದ ಬಿಳಿ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್. ತಟ್ಟೆಯಲ್ಲಿ ಸಾಧಾರಣವಾಗಿ ಬೀಳುವ 300 ಗ್ರಾಂ ಅನ್ನವೆಂದರೆ 84 ಗ್ರಾಂ.

ಊಟದ ಮೊದಲ ತುತ್ತಿಗೆ ಮುಂಚೆ ಒಮ್ಮೆ ಸ್ಕ್ಯಾನ್, ಆಮೇಲೆ 45 ನಿಮಿಷ, 60, 90, 120ಕ್ಕೆ. ಎಷ್ಟು ಏರಿತು, ಎಷ್ಟು ಹೊತ್ತಿಗೆ ಶಿಖರ ಮುಟ್ಟಿತು, ಎರಡು ಗಂಟೆಗೆ ಎಲ್ಲಿಗೆ ಬಂತು, ಈ ಮೂರನ್ನು ಬರೆದಿಡಿ. ಡಯಾಬಿಟಿಸ್ ಇರುವವರಿಗೆ ಊಟದ ನಂತರದ ಶಿಖರ 180ರೊಳಗೆ ಇರಬೇಕೆಂಬುದು ಸಾಮಾನ್ಯ ಗುರಿ. ಪ್ರೀಡಯಾಬಿಟಿಸಿನವರು ಎರಡು ಗಂಟೆಗೆ 140ರೊಳಗೆ ಬರುವುದನ್ನು ಗುರಿಯಾಗಿಟ್ಟುಕೊಳ್ಳಬಹುದು.

ಆರನೇ ದಿನದಿಂದ ಬದಲಾವಣೆ. ಒಂದು ಸಲಕ್ಕೆ ಒಂದೇ. ಅನ್ನವನ್ನೂ ಅರ್ಧ ಮಾಡಿ, ಮೊಟ್ಟೆಯನ್ನೂ ಸೇರಿಸಿ, ನಡಿಗೆಯನ್ನೂ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಪ್ರತಿ ಪ್ರಯೋಗವನ್ನೂ ಎರಡು ಬೇರೆ ದಿನ, ಅದೇ ಹೊತ್ತಿಗೆ ಮಾಡಿ. ಅದೇ ಹೊತ್ತು ಯಾಕೆಂದರೆ ಬೆಳಗಿನ ಜಾವ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನುಗಳು ಏರಿ ಲಿವರ್ ಸಕ್ಕರೆಯನ್ನು ಹೊರಬಿಡುತ್ತಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಮೂರು ಇಡ್ಲಿ ಏರಿಸುವಷ್ಟು ಮಧ್ಯಾಹ್ನ ಒಂದಕ್ಕೆ ಅದೇ ಮೂರು ಇಡ್ಲಿ ಏರಿಸದೆ ಇರಬಹುದು.

ಪ್ರಯೋಗಕ್ಕೆ ಯಾವುದನ್ನು ಆರಿಸಬೇಕು? ನೀವು ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ತಿನ್ನುವುದನ್ನು. ಹಬ್ಬದ ಹೋಳಿಗೆಯನ್ನು ಅಳೆದು ಏನೂ ಆಗಬೇಕಿಲ್ಲ. ದಿನವೂ ಏರಿಸುವುದು ತಿಂಡಿ. ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ನಮ್ಮ ತಿಂಡಿಗಳೆಲ್ಲ ಹೆಚ್ಚುಕಡಿಮೆ ಬರೀ ಪಿಷ್ಟ. ಇದರಲ್ಲಿ ಮೊದಲು ಮಾಡಬೇಕಾದ ಬದಲಾವಣೆ ತಿಂಡಿಯನ್ನೇ ಬಿಡುವುದಲ್ಲ, ಅದರ ಪ್ರಮಾಣ ಇಳಿಸಿ ಪಕ್ಕಕ್ಕೆ ಪ್ರೋಟೀನ್ ಇಡುವುದು. ನಾಲ್ಕು ಇಡ್ಲಿ–ಚಟ್ನಿ ಒಂದು ದಿನ. ಎರಡು ಇಡ್ಲಿ, ಗಟ್ಟಿ ಬೇಳೆಯ ಸಾಂಬಾರು ಒಂದು ಬಟ್ಟಲು, ಎರಡು ಮೊಟ್ಟೆ ಅಥವಾ 80 ಗ್ರಾಂ ಪನೀರ್ ಇನ್ನೊಂದು ದಿನ. ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ರಾಗಿಯ ಬಗ್ಗೆ ಬಿಡಿಸಿ ಹೇಳಲೇಬೇಕು. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಮನೆಮನೆಯಲ್ಲಿದೆ, ಸೆನ್ಸರ್ ಅದನ್ನು ಮೊದಲ ವಾರದಲ್ಲೇ ಮುರಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ನಾರು ಇದೆ. ನಾರಿನಲ್ಲಿ ಅಕ್ಕಿಗಿಂತ ಬಹಳ ಮೇಲು, ನಿಜ. ಆದರೆ ನಯವಾಗಿ ಬೀಸಿ, ನೀರಿನಲ್ಲಿ ಕುದಿಸಿ, ಗಂಜಿ ಅಥವಾ ಮಾಲ್ಟ್ ಮಾಡಿ ಕುಡಿದರೆ ಅಗಿಯುವ ಕೆಲಸವೂ ಇಲ್ಲ, ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ಗೆರೆ ನೇರ ಮೇಲಕ್ಕೆ ಹೋಗುತ್ತದೆ. ಅದೇ ಹಿಟ್ಟಿನ ಸಣ್ಣ ಮುದ್ದೆಯನ್ನು ಹುರುಳಿ ಸಾರು ಅಥವಾ ಸೊಪ್ಪು–ಕಾಳಿನ ಬಸ್ಸಾರಿನ ಜೊತೆ ತಿಂದರೆ ಏರಿಕೆ ತಗ್ಗುತ್ತದೆ. ಎರಡು ದೊಡ್ಡ ಮುದ್ದೆಯಾದರೆ ಮತ್ತೆ ಅದೇ ಹಾಡು. ಜೋಳದ ರೊಟ್ಟಿಯೂ ಹಾಗೆಯೇ: ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಈರುಳ್ಳಿ–ಮೆಂತ್ಯ ಸೊಪ್ಪು ಚೆನ್ನಾಗಿ ಕೂರುತ್ತದೆ, ನಾಲ್ಕು ರೊಟ್ಟಿ ಕೂರುವುದಿಲ್ಲ. ಧಾನ್ಯ ಬದಲಿಸಿದ್ದರಿಂದ ಆಗುವ ವ್ಯತ್ಯಾಸಕ್ಕಿಂತ ಪ್ರಮಾಣ ಇಳಿಸಿದ್ದರಿಂದ ಆಗುವುದು ಸಾಮಾನ್ಯವಾಗಿ ದೊಡ್ಡದು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಸ್ವಂತ ತೋಳಿನ ಗೆರೆ ತೋರಿಸಿದಾಗ ನಂಬುತ್ತಾರೆ. ಈ ಸಾಧನದ ನಿಜವಾದ ಬೆಲೆ ಇದು.

ಬೆಲ್ಲ, ಜೇನುತುಪ್ಪ, 'ಶುಗರ್ ಫ್ರೀ' ಬಿಸ್ಕತ್ತು ಇವುಗಳಿಗೆ ತಲಾ ಒಂದು ಪ್ರಯೋಗ ಸಾಕು. ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಇದೆ.

ಊಟದ ಕ್ರಮ ಬದಲಿಸಿ ನೋಡುವುದು ಖರ್ಚಿಲ್ಲದ ಪ್ರಯೋಗ. ಮೊದಲು ಕೋಸಂಬರಿ, ಪಲ್ಯ, ಕಾಳು ಅಥವಾ ಮೊಟ್ಟೆ–ಮೀನು. ಹತ್ತು ನಿಮಿಷ ಬಿಟ್ಟು ಅನ್ನ. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗಿ, ಅದೇ ಪ್ರಮಾಣದ ಅನ್ನಕ್ಕೆ ಶಿಖರ ತಗ್ಗುತ್ತದೆ. ಇನ್ನೊಂದು, ಊಟ ಮುಗಿದ ಕಾಲು ಗಂಟೆಯೊಳಗೆ 15 ನಿಮಿಷ ಚುರುಕಾಗಿ ನಡೆಯುವುದು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೇ ಗ್ಲೂಕೋಸ್ ಎಳೆದುಕೊಳ್ಳಬಲ್ಲದು, ಹಾಗಾಗಿ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡದಿರುವುದು) ಇರುವವರಲ್ಲೂ ಇದು ಫಲ ಕೊಡುತ್ತದೆ. ಶಿಖರ ಮುಟ್ಟಿದ ಮೇಲೆ ನಡೆಯುವುದಕ್ಕಿಂತ ಏರುವ ಹೊತ್ತಿನಲ್ಲೇ ನಡೆಯುವುದು ಒಳ್ಳೆಯದು.

ಜಿಮ್ಮಿನಲ್ಲಿ ಜೋರಾಗಿ ತೂಕ ಎತ್ತಿದ ಕೂಡಲೇ, ಓಟದ ಪಂದ್ಯದ ನಂತರ ಶುಗರ್ 30–40 ಏರಿದ್ದು ಕಂಡು ವ್ಯಾಯಾಮವೇ ಕೆಡುಕು ಎಂದು ಬಿಟ್ಟವರಿದ್ದಾರೆ. ಅಡ್ರಿನಲಿನ್ ಲಿವರಿನಿಂದ ಸಕ್ಕರೆ ಬಿಡಿಸುವುದರಿಂದ ಆಗುವ ತಾತ್ಕಾಲಿಕ ಏರಿಕೆ ಅದು, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ವಾರಕ್ಕೆ 150 ನಿಮಿಷ ನಡಿಗೆಯಂಥದ್ದು, ಜೊತೆಗೆ ಎರಡು–ಮೂರು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬಿಡಬಾರದು. ತುಪ್ಪದನ್ನ, ಪರೋಟ, ಪಿಜ್ಜಾದಂಥವು ಎರಡು ಗಂಟೆಗೆ ಸಾಧುವಾಗಿ ಕಂಡು ಮೂರು–ನಾಲ್ಕನೇ ಗಂಟೆಗೆ ಏರುತ್ತವೆ, ಏಕೆಂದರೆ ಜಿಡ್ಡು ಜೀರ್ಣವನ್ನು ತಡ ಮಾಡುತ್ತದೆ. ರಾತ್ರಿ ಹತ್ತೂವರೆಗೆ ಬಿರಿಯಾನಿ ತಿಂದು ಹನ್ನೆರಡೂವರೆಗೆ ಸ್ಕ್ಯಾನ್ ಮಾಡಿ ಪರವಾಗಿಲ್ಲ ಎಂದು ಮಲಗುವವರು ಬೆಳಗಿನ ಗೆರೆಯನ್ನೂ ನೋಡಬೇಕು. ಬೆಂಗಳೂರಿನ ರಾತ್ರಿ ಪಾಳಿಯ ನೌಕರರಿಗೆ ಒಂದು ಪ್ರಯೋಗ ಕಡ್ಡಾಯ: ಚೆನ್ನಾಗಿ ನಿದ್ದೆಯಾದ ದಿನ ಮತ್ತು ನಿದ್ದೆಗೆಟ್ಟ ದಿನ ಒಂದೇ ತಿಂಡಿ ತಿಂದು ಹೋಲಿಸುವುದು. ನಿದ್ದೆ ಕಡಿಮೆಯಾದಾಗ ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡುವುದಿಲ್ಲ.

ಸೆನ್ಸರ್ ತೋರಿಸದೇ ಇರುವುದು

ಇಲ್ಲಿ ಈ ಸಾಧನದ ದೊಡ್ಡ ಅಪಾಯವಿದೆ. ಪಿಷ್ಟವನ್ನು ಪೂರ್ತಿ ಬಿಟ್ಟು ಮಟನ್, ಬೆಣ್ಣೆ, ತುಪ್ಪದಲ್ಲೇ ಹೊಟ್ಟೆ ತುಂಬಿಸಿದರೆ ಗೆರೆ ನೆಟ್ಟಗೆ ಮಲಗುತ್ತದೆ. ತೂಕ ಇಳಿಯದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರುತ್ತಿದ್ದರೂ ಆ್ಯಪ್ ಹಸಿರು ಬಣ್ಣವನ್ನೇ ತೋರಿಸುತ್ತದೆ. ಕಾಯಿಲೆಯ ಬೇರು ಮಾತ್ರ ಲಿವರ್ ಮತ್ತು ಮೇದೋಜೀರಕದಲ್ಲಿ ಸೇರಿರುವ ಕೊಬ್ಬಿನಲ್ಲಿದೆ. ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದಲ್ಲಿ ಆರು ವರ್ಷದೊಳಗೆ ಟೈಪ್ 2 ಬಂದಿದ್ದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ಆಹಾರ ಕೊಟ್ಟರು. ವರ್ಷದ ಕೊನೆಗೆ 46 ಶೇಕಡಾ ಜನ ಮಾತ್ರೆಯಿಲ್ಲದೆ ಡಯಾಬಿಟಿಸ್ ಮಟ್ಟಕ್ಕಿಂತ ಕೆಳಗಿದ್ದರು, 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ 86 ಶೇಕಡಾ. ಎರಡನೇ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು, ಏಕೆಂದರೆ ಹಲವರಲ್ಲಿ ತೂಕ ಮರಳಿತು. ಅಂಥ ಕಡಿಮೆ ಕ್ಯಾಲೊರಿಯ ಪಥ್ಯ ವೈದ್ಯರ ಕಣ್ಗಾವಲಿನಲ್ಲಿ ನಡೆಯುವಂಥದ್ದು, ಮನೆಯಲ್ಲಿ ತಾನಾಗಿ ಮಾಡುವಂಥದ್ದಲ್ಲ. ಪ್ರೀಡಯಾಬಿಟಿಸಿನವರಿಗೆ ಗುರಿ ಸುಲಭ: ಅಮೆರಿಕದ 2002ರ ಪ್ರಸಿದ್ಧ ತಡೆ ಅಧ್ಯಯನದಲ್ಲಿ 7 ಶೇಕಡಾ ತೂಕ ಇಳಿಸುವ ಗುರಿ, ವಾರಕ್ಕೆ 150 ನಿಮಿಷ ವ್ಯಾಯಾಮ ಇಟ್ಟುಕೊಂಡ ಗುಂಪಿನಲ್ಲಿ ಡಯಾಬಿಟಿಸ್ ಬರುವುದು 58 ಶೇಕಡಾ ಕಡಿಮೆಯಾಯಿತು. 80 ಕೆ.ಜಿ.ಯವರಿಗೆ 7 ಶೇಕಡಾ ಎಂದರೆ ಐದೂವರೆ ಕೆ.ಜಿ. ಆದ್ದರಿಂದ ಸೆನ್ಸರಿನ ಪಕ್ಕದಲ್ಲಿ ಹೊಟ್ಟೆ ಅಳೆಯುವ ಟೇಪೂ ಇರಲಿ.

ಆ್ಯಪ್ ಕೊಡುವ ಅಂದಾಜು ಎಚ್‌ಬಿಎ1ಸಿ ಎರಡು ವಾರದ ಸರಾಸರಿಯಿಂದ ಲೆಕ್ಕ ಹಾಕಿದ್ದು. ಲ್ಯಾಬಿನ ಎಚ್‌ಬಿಎ1ಸಿಗೆ ಅದು ತಾಳೆಯಾಗದಿದ್ದರೆ ರಕ್ತಹೀನತೆ ಇದೆಯೇ ನೋಡಬೇಕು. ಕಬ್ಬಿಣದ ಕೊರತೆ ಎಚ್‌ಬಿಎ1ಸಿಯನ್ನು ಸುಳ್ಳೇ ಏರಿಸುತ್ತದೆ, ನಮ್ಮ ಎಳೆಯ ಹೆಣ್ಣುಮಕ್ಕಳಲ್ಲಿ ಆ ಕೊರತೆ ಬಹಳ. ಇಂಥವರಿಗೆ ಸೆನ್ಸರಿನ ದಾಖಲೆ ವೈದ್ಯರ ಕೈಯಲ್ಲಿ ನಿಜವಾಗಿ ಬೆಲೆಬಾಳುತ್ತದೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದು ಬಿಡಬೇಕೆಂದಿರುವವರು ಗಮನಿಸಿ. ಗ್ಲಿಮಿಪಿರೈಡ್‌ನಂಥ, ದೇಹದಿಂದ ಇನ್ಸುಲಿನ್ ಹೆಚ್ಚು ಹೊರಡಿಸುವ ಮಾತ್ರೆ ನುಂಗುತ್ತಾ ಅನ್ನವನ್ನು ಥಟ್ಟನೆ ಕಡಿಮೆ ಮಾಡಿದರೆ ಶುಗರ್ ನಿಜವಾಗಿಯೇ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್‌ನಂಥ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆ ತೆಗೆದುಕೊಳ್ಳುತ್ತಾ ಪಿಷ್ಟ ಬಿಟ್ಟರೆ ಶುಗರ್ ಹೆಚ್ಚು ಏರದೆಯೇ ಕೀಟೋಅಸಿಡೋಸಿಸ್ ಆಗಬಹುದು, ಸೆನ್ಸರ್ ಅದನ್ನು ತೋರಿಸುವುದೇ ಇಲ್ಲ. ಪ್ರಮಾಣ ಇಳಿಸುವ ಕ್ರಮವನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ದೂರುಗಳು

ಬೆಲೆ ಮೊದಲ ದೂರು. ವಿದ್ಯಾರ್ಥಿಗಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಐದು ಸಾವಿರ ದೊಡ್ಡ ಮೊತ್ತ. ಆ್ಯಪಿನಲ್ಲಿ ಊಟ ದಾಖಲಿಸುವ ಸೌಲಭ್ಯ ಬಡವಾಗಿದೆ, ಮುದ್ದೆ–ಬಸ್ಸಾರಿಗೆ ಅಲ್ಲಿ ಜಾಗವಿಲ್ಲ, ಎಲ್ಲವನ್ನೂ ಟಿಪ್ಪಣಿಯಾಗಿ ಬರೆಯಬೇಕು. ಒಂದು ನೋಟುಪುಸ್ತಕವೇ ವಾಸಿ. ಅಂಟಿನಿಂದ ಕೆಲವರಿಗೆ ತುರಿಕೆ, ಕೆಂಪು ಗುಳ್ಳೆ ಬರುತ್ತದೆ. ಹಳೆಯ ಸೆನ್ಸರುಗಳಲ್ಲಿದ್ದ ಐಸೋಬಾರ್ನಿಲ್ ಅಕ್ರಿಲೇಟ್ ಎಂಬ ರಾಸಾಯನಿಕಕ್ಕೆ ಅಲರ್ಜಿ ಎಂದು ಚರ್ಮವೈದ್ಯರು ಗುರುತಿಸಿದ್ದರು. ನೀರುಗುಳ್ಳೆ ಎದ್ದರೆ ಸಹಿಸಿಕೊಂಡು ಕೂರಬೇಡಿ, ತೆಗೆಯಿರಿ.

ಮನಸ್ಸಿನ ಮೇಲಿನ ಪರಿಣಾಮ ಇದಕ್ಕಿಂತ ಗಂಭೀರ. ಡಯಾಬಿಟಿಸ್ ಇಲ್ಲದವರಲ್ಲೂ ಊಟದ ನಂತರ ಸ್ವಲ್ಪ ಹೊತ್ತು 140 ದಾಟುವುದುಂಟು. ಪ್ರತಿ ಏರಿಕೆಯನ್ನೂ ಅಪರಾಧವೆಂದು ಕಂಡು ಊಟ ಬಿಡುತ್ತಾ ಹೋಗುವ ಎಳೆಯರಿದ್ದಾರೆ, ಅದರಲ್ಲೂ ಮೈತೂಕದ ಬಗ್ಗೆ ಮೊದಲೇ ಕೊರಗುವ ಹುಡುಗಿಯರು. ಊಟದ ವಿಷಯದಲ್ಲಿ ಅತಿಯಾದ ಅಂಜಿಕೆ ಇರುವವರಿಗೆ ಈ ಬಿಲ್ಲೆ ಬೇಡ ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ.

ದುಡ್ಡಿಲ್ಲದವರಿಗೆ ಗ್ಲೂಕೋಮೀಟರಿನಲ್ಲೇ ಮುಕ್ಕಾಲು ಪಾಲು ಕೆಲಸವಾಗುತ್ತದೆ. ಐಎಸ್‌ಒ 15197 ಎಂಬ ನಿಖರತೆಯ ಮಾನದಂಡಕ್ಕೆ ಒಪ್ಪುವ ಮೀಟರ್ ಮತ್ತು 50 ಸ್ಟ್ರಿಪ್ ಕೊಳ್ಳಿ. ವಾರಕ್ಕೆ ಎರಡು ಊಟ ಆರಿಸಿಕೊಂಡು, ಊಟಕ್ಕೆ ಮುಂಚೆ ಒಂದು, ಒಂದು ಗಂಟೆಗೆ ಒಂದು, ಎರಡು ಗಂಟೆಗೆ ಒಂದು. ವಾರಕ್ಕೆ ಆರು ಸ್ಟ್ರಿಪ್, ಎಂಟು ವಾರಕ್ಕೆ ನಲವತ್ತೆಂಟು. ರಾತ್ರಿಯ ಗೆರೆ, ಮೂರು–ನಾಲ್ಕನೇ ಗಂಟೆಯ ಏರಿಕೆ ತಪ್ಪಿಹೋಗುತ್ತದೆ. ತಿಂಡಿಯ ಪ್ರಮಾಣ ಮತ್ತು ನಡಿಗೆಯ ಪಾಠ ತಪ್ಪುವುದಿಲ್ಲ.

ಸೆನ್ಸರ್ ತೆಗೆದ ಮೇಲೆ ಆ್ಯಪಿನ ವರದಿಯನ್ನು ಪಿಡಿಎಫ್ ಮಾಡಿ ಪ್ರಯೋಗಗಳ ಪುಸ್ತಕದ ಜೊತೆ ವೈದ್ಯರಿಗೆ ತೋರಿಸಿ. ಮೂರು ತಿಂಗಳಿಗೆ ಲ್ಯಾಬಿನಲ್ಲಿ ಎಚ್‌ಬಿಎ1ಸಿ. ಟೈಪ್ 2 ಇದ್ದು ಯಾವ ಮಾತ್ರೆಯೂ ಇಲ್ಲದೆ ಕನಿಷ್ಠ ಮೂರು ತಿಂಗಳು 6.5ಕ್ಕಿಂತ ಕೆಳಗಿದ್ದರೆ ಅದನ್ನು ರೆಮಿಷನ್ ಎನ್ನುತ್ತಾರೆ; ಆಗಲೂ ಕಣ್ಣಿನ ರೆಟಿನಾ, ಮೂತ್ರದ ಅಲ್ಬುಮಿನ್, ರಕ್ತದೊತ್ತಡ, ಕೊಲೆಸ್ಟರಾಲ್ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯಬೇಕು. ಪ್ರಾಮಾಣಿಕವಾಗಿ ಮಾಡಿಯೂ ವೈದ್ಯರು ಕೊಟ್ಟ ಕಾಲಾವಕಾಶದೊಳಗೆ ಅಂಕಿ ಇಳಿಯದಿದ್ದರೆ, ಅಥವಾ ಮಧ್ಯೆ ಯಾವಾಗಲಾದರೂ ತೂಕ ಕಾರಣವಿಲ್ಲದೆ ಇಳಿಯತೊಡಗಿದರೆ, ಎರಡನೇ ಸೆನ್ಸರ್ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿ, ವೈದ್ಯರು ಬರೆದ ಮಾತ್ರೆ ಶುರು ಮಾಡಿ; ತಿಂಡಿಯ ಅಳತೆ, ಊಟದ ನಂತರದ ನಡಿಗೆ ಅದರ ಜೊತೆಗೇ ಮುಂದುವರಿಯಲಿ.